ಬೇಳೆ ಆರಿಸುವ ಕೈ ನಿಂತರೆ ಭಾಷಣ ಗೆದ್ದಂತೆ

ಕಮಲಾಪುರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ, ಭೀಮಬಾಯಿಯವರ ಅಂಗಳದಲ್ಲಿ ಆಗಲೇ ಸಭೆ ಸೇರಿದೆ. ಸಭಿಕರು ಇಬ್ಬರು. ಮೊರದಲ್ಲಿ ತೊಗರಿಬೇಳೆ ಆರಿಸುತ್ತಿರುವ ಭೀಮಬಾಯಿ, ಮತ್ತು ಗೂಟಕ್ಕೆ ಕಟ್ಟಿದ ಆಡು. ಎದುರಿಗೆ ನಿಂತಿರುವವರು ನಿವೃತ್ತ ಹೆಡ್‌ಮಾಸ್ತರ ದೇವೀಂದ್ರಪ್ಪ. ಮುಖ ತೊಳೆದಿದ್ದಾರೋ ಇಲ್ಲವೋ, ಕೋಟು ಮಾತ್ರ ಹಾಕಿಕೊಂಡೇ ಬಂದಿದ್ದಾರೆ. "ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯಾತಿಗಣ್ಯರೇ" ಎಂದು ಅವರು ಶುರು ಮಾಡಿದ್ದೇ ತಡ, ಬಾಯಿಯವರ ಬೆರಳು ಸರಸರ ಓಡತೊಡಗುತ್ತವೆ. ಮಾಸ್ತರರ ಮುಖ ಇಳಿಯುತ್ತದೆ. ಆ ಸಾಲು ಹೋಯಿತು ಎಂದು ಲೆಕ್ಕ.

ಇಲ್ಲಿಯ ಕಾನೂನು ಇಷ್ಟೇ. ನೀವು ಮಾತಾಡುವಾಗ ಅವರ ಕೈ ಓಡುತ್ತಿದ್ದರೆ ನಿಮ್ಮ ಮಾತು ಜೊಳ್ಳು, ತೆಗೆದುಹಾಕಿ. ಕೈ ನಿಂತಿತೋ, ಆ ಸಾಲನ್ನು ಜೀವ ಹೋದರೂ ಬಿಡಬೇಡಿ. ಬಹಳ ಹಿಂದೆ ಮಾಸ್ತರರು ಸ್ವಾತಂತ್ರ್ಯ ದಿನದ ಭಾಷಣವನ್ನು ಗುನುಗಿಕೊಂಡು, ಬಾಯಿಯವರು ಆರಿಸಿ ಮಾರುವ ಬೇಳೆ ಒಯ್ಯಲು ಬಂದಾಗ, ತಮ್ಮ ಅವ್ವ ಶಾಲೆಯ ಕಿಟಕಿಗೆ ಜೋತುಬಿದ್ದು ಮಗನ ಪಾಠ ಕೇಳುತ್ತಿದ್ದಳು ಎಂಬ ಮಾತಿಗೆ ಈ ಕೈ ತಟ್ಟನೆ ನಿಂತಿತ್ತು. ಮರುದಿನ ಅದೇ ಮಾತಿಗೆ ಇಡೀ ಮೈದಾನ ಮೂಗು ಒರೆಸಿಕೊಂಡಿತು. ಅಲ್ಲಿಂದ ಸುದ್ದಿ ಕಲಬುರಗಿಗೂ ಹಬ್ಬಿತು. ಬೀಳ್ಕೊಡುಗೆ, ಸಂತಾಪ ಸಭೆ, ಸೊಸೈಟಿ ಚುನಾವಣೆ, ಏನೇ ಇರಲಿ, ಮಾತಾಡುವವರು ಮೊದಲು ಈ ಆಡಿನ ಮುಂದೆ ಹಾಜರಿ ಹಾಕುತ್ತಾರೆ.

ಯಾವ ಸಾಲು ಯಾಕೆ ಕೆಟ್ಟಿತು ಎಂದು ಕೇಳಿದರೆ ಮಾತ್ರ ಬಾಯಿಯವರಿಗೆ ಸಿಟ್ಟು ಬರುತ್ತದೆ. "ನನಗೇನು ತಿಳೀತದರೀ? ನಾ ಮೂರನೇ ಇಯತ್ತೆ ಕಲ್ತಾಕಿ. ಕೈಗೆ ಕೇಳ್ರಿ," ಎನ್ನುತ್ತಾರೆ.

ಆ ಕೈ ಬೇಳೆಯಲ್ಲೇ ಸವೆದ ಕೈ. ಗಂಡ ಬೇಗ ತೀರಿಕೊಂಡ ಮೇಲೆ ನಂದೂರಿನ ದಾಲ್ ಮಿಲ್ಲಿಗೆ ಸೇರಿದವರು, ಇಂದಿಗೂ ಅಲ್ಲೇ. ಬೆಳಗಿನ ಬಸ್ಸಿಗೆ ಕಲಬುರಗಿ, ಅಲ್ಲಿಂದ ಹತ್ತು ಮಂದಿ ತುಂಬಿದ ಆಟೋದಲ್ಲಿ ನಂದೂರು. ದಿನವಿಡೀ ಚಕ್ಕಳಮಕ್ಕಳ ಹಾಕಿ ಕೂತು ಬೇಳೆಯೊಳಗಿನ ಸಿಪ್ಪೆ, ನುಚ್ಚು, ಹಳ್ಳು ಎನ್ನುವ ಸಣ್ಣ ಕಲ್ಲು ತೆಗೆಯಬೇಕಿತ್ತು. ಸಂಜೆ ಏಳುವಾಗ ಮೊಣಕಾಲು ಅವರಿಗಿಂತ ಮೊದಲು ಅಯ್ಯೋ ಅನ್ನುತ್ತಿತ್ತು. ಇಬ್ಬರು ಹೆಣ್ಣುಮಕ್ಕಳ ಮದುವೆ ಆದದ್ದು ಇದರಲ್ಲೇ.

ಮಾಸ್ತರರಿಗೆ ಲೋಕದ ದೊಡ್ಡ ದೊಡ್ಡ ಭಾಷಣಗಳ ಹುಚ್ಚು. ಹಿಂದೆ ಗ್ರೀಸ್ ದೇಶದಲ್ಲಿ ಒಬ್ಬ ಮಹಾ ಮಾತುಗಾರ ಬಾಯಲ್ಲಿ ಹಳ್ಳು ಹಾಕಿಕೊಂಡು ಸಮುದ್ರದ ಮುಂದೆ ಅಭ್ಯಾಸ ಮಾಡುತ್ತಿದ್ದನಂತೆ ಎಂದು ಒಮ್ಮೆ ಹೇಳಿದರು. ಬಾಯಿಯವರು ಮೊರದೊಳಗಿನ ಒಂದು ಹಳ್ಳು ಎತ್ತಿ ಬಿಸಾಡಿದರು. "ಪಾಪ, ಅವರ ಮನ್ಯಾಗ ಬ್ಯಾಳಿ ಆರ್ಸೋರು ಯಾರೂ ಇದ್ದಿಲ್ಲೇನೋ," ಅಂದರು.

ಹಳ್ಳಿನ ಮಾತು ಬಂದರೆ ಹೋದ ವರ್ಷದ ಅನಾಹುತ ಹೇಳಲೇಬೇಕು. ಕಲಬುರಗಿಯಲ್ಲಿ ಒಬ್ಬ ಅಧಿಕಾರಿಯ ಬೀಳ್ಕೊಡುಗೆ, ಮಾಸ್ತರರದೇ ಮುಖ್ಯ ಭಾಷಣ. ಅಂಗಳದಲ್ಲಿ ಅಭ್ಯಾಸ ಮಾಡುವಾಗ ಸಾಲು ಸಾಲಿಗೂ ಬಾಯಿಯವರ ಕೈ ನಿಲ್ಲುತ್ತಿದೆ. ಮಾಸ್ತರರು ಹಿಗ್ಗಿ ಹೀರೇಕಾಯಿಯಾದರು, ಒಂದಕ್ಷರ ಕಡಿಮೆ ಮಾಡಲಿಲ್ಲ. ವೇದಿಕೆಯ ಮೇಲೆ ಭಾಷಣ ಮುಗಿಸಿ ಕಣ್ಣೆತ್ತಿ ನೋಡಿದರೆ ಸನ್ಮಾನಿತರು ಶಾಲಿನ ಸಮೇತ ಊಟದ ಪಂಕ್ತಿಯಲ್ಲಿ ಕೂತು ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದರು. ಮರುದಿನ ಮಾಸ್ತರರು ಜಗಳಕ್ಕೇ ಬಂದರು. ಬಾಯಿಯವರು ಸಮಾಧಾನವಾಗಿ ಹೇಳಿದರು: "ಸರ, ನಿನ್ನಿನ ಬ್ಯಾಳ್ಯಾಗ ಹಳ್ಳು ಭಾಳ ಇದ್ದವ್ರಿ. ಸಿಪ್ಪಿ ಆದ್ರ ಕೈ ಓಡ್ತಾನೇ ಆರಸ್ತದ. ಹಳ್ಳು ಸಿಕ್ರ ನಿಂದ್ರಬೇಕಲ್ಲ." ಅಂದಿನಿಂದ ಮಾಸ್ತರರು ಭಾಷಣಕ್ಕೆ ಮುಂಚೆ ಕನ್ನಡಕ ಹಾಕಿಕೊಂಡು ಮೊರವನ್ನು ತಾವೇ ತಪಾಸಣೆ ಮಾಡುತ್ತಾರೆ.

ಇಂಥ ಬಾಯಿಯವರಿಗೆ ಈ ಚಳಿಗಾಲದಲ್ಲಿ ತಾವೇ ಮಾತಾಡುವ ಪ್ರಸಂಗ ಬಂತು. ಮಿಲ್ಲಿಗೆ ಬೇಳೆ ಆರಿಸುವ ಮಷೀನು ಬಂದಿತ್ತು. ಸಂಕ್ರಾಂತಿ ಮುಗಿದ ಮೇಲೆ ಆರಿಸುವ ಹೆಂಗಸರು ಬೇಡ ಎಂಬ ಸುದ್ದಿ ಹರಡಿತು. ಜೊತೆಗೆ ಕೂರುವ ಇಕ್ಬಾಲ್ ಬೇಗಂ ಮತ್ತು ಉಳಿದವರೆಲ್ಲ ಸೇರಿ, ಊರಿನ ಭಾಷಣವನ್ನೆಲ್ಲ ತಿದ್ದಿದವಳು ನೀನೇ, ಸಾವಕಾರರ ಹತ್ತಿರ ನೀನೇ ಮಾತಾಡು ಎಂದು ಪಟ್ಟು ಹಿಡಿದರು. ಬಾಯಿಯವರಿಗೆ ಭಾಷಣ ಕೇಳಿ ಗೊತ್ತೇ ಹೊರತು ಆಡಿ ಗೊತ್ತಿಲ್ಲ.

ಅಭ್ಯಾಸಕ್ಕೆಂದು ಮಾಸ್ತರರ ಕೈಗೇ ಮೊರ ಕೊಟ್ಟು ಕೂರಿಸಿದರು. ಮಾಸ್ತರರು ಒಂದೊಂದು ಕಾಳನ್ನೂ ಎತ್ತಿ ಬೆಳಕಿಗೆ ಹಿಡಿದು ಪರೀಕ್ಷೆ ಪೇಪರು ತಿದ್ದುವಂತೆ ನೋಡುತ್ತಿದ್ದರು. ಅವರ ಕೈ ಓಡಿದ್ದೇ ಇಲ್ಲ, ಇನ್ನು ನಿಂತದ್ದು ತಿಳಿಯುವುದು ಹೇಗೆ? ಮಾತು ಮುಗಿದ ಮೇಲೆ, "ಏನಂದಿ ಬಾಯಿ, ಇನ್ನೊಮ್ಮೆ ಹೇಳು," ಅಂದರು.

ಮಿಲ್ಲಿನ ಸಾವಕಾರ ನೀಲಕಂಠ ಅವರ ಕೋಣೆಗೆ ಅವರು ಹೋದ ದಿನ, ಬಾಯಿಯವರ ಬಗ್ಗೆ ಬರೆಯಲು ಬಂದಿದ್ದ ನಾನೂ ಜೊತೆಗಿದ್ದೆ. ಬಾಯಿಯವರು ಬಾಯಿ ತೆರೆಯುವ ಮೊದಲೇ ಸಾವಕಾರರು, "ಛಲೋ ಆತು, ನೀನೇ ಬಂದಿ. ಮಷೀನ್ ಪೂಜಾಕ್ಕ ದೊಡ್ಡ ಮಂದಿ ಬರ್ತಾರ, ನಂದೂ ಭಾಷಣ ಅದ. ಸ್ವಲ್ಪ ಕೇಳು," ಎಂದು ಮೇಜಿನ ಮೇಲಿನ ತಾಟು ಮುಂದೆ ತಳ್ಳಿದರು. ಅದರಲ್ಲಿದ್ದದ್ದು ಮಷೀನು ಆರಿಸಿದ ಬೇಳೆಯ ಸ್ಯಾಂಪಲ್. ಬಾಯಿಯವರು ಕಲಿತುಕೊಂಡು ಬಂದ ಮಾತೆಲ್ಲ ಅಲ್ಲಿಗೇ ಉಳಿಯಿತು. ಕೈ ಮಾತ್ರ ರೂಢಿಯಂತೆ ತಾಟಿಗೆ ಹೋಯಿತು.

ಸಾವಕಾರರು ಪ್ರಗತಿ ಅಂದರು, ತಂತ್ರಜ್ಞಾನ ಅಂದರು. ಕೈ ಓಡುತ್ತಿತ್ತು. ಮಿಲ್ಲಿನ ತಾಯಂದಿರನ್ನು ಎಂದಿಗೂ ಮರೆಯುವುದಿಲ್ಲ ಅಂದರು. ಕೈ ಇನ್ನೂ ಜೋರಾಯಿತು. ಸಾವಕಾರರು ಬೆವರು ಒರೆಸಿಕೊಂಡು, ಅವರಿಗೆ ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆ ಎಂದು ಸೇರಿಸಿದರು. ಬೇಳೆ ತಾಟಿನಾಚೆ ಸಿಡಿಯಿತು. ಬೇರೆ ಕಡೆ ಕೆಲಸ ನೋಡಿಕೊಡುತ್ತೇವೆ ಅಂದಾಗ ಬೆರಳು ತುಸು ನಿಧಾನವಾದವು. ಸಾವಕಾರರಿಗೆ ಹುರುಪು ಬಂತು. "ಬ್ಯಾರೆ ಕಡಿ ಯಾಕ? ಇದೇ ಮಿಲ್ಲಿನ್ಯಾಗ, ಪ್ಯಾಕಿಂಗಿನ್ಯಾಗ ಇಟ್ಕೋತೀವಿ. ಒಬ್ಬಾಕಿನ್ನೂ ಬಿಡಸೂದಿಲ್ಲ."

ಕೈ ನಿಂತಿತು. ಬಾಗಿಲ ಬಳಿ ಇಕ್ಬಾಲ್ ಬೇಗಂ ಸೆರಗು ಕಚ್ಚಿಕೊಂಡು ನಿಂತಿದ್ದರು. ಸಾವಕಾರರು ಮಗುವಿನ ಹಾಗೆ ಖುಷಿಪಟ್ಟು ಆ ಸಾಲಿನ ಕೆಳಗೆ ಎರಡು ಗೆರೆ ಎಳೆದರು.

ಪೂಜೆಯ ದಿನ ಮೈಕಿನ ಮುಂದೆ ಆ ಸಾಲಿಗೆ ಬಿದ್ದ ಚಪ್ಪಾಳೆಗೆ ಪೆಂಡಾಲು ನಡುಗಿತು. ಸಾವಕಾರರು ಆಸೆಗೆ ಬಿದ್ದು ಅದನ್ನೇ ಮತ್ತೊಮ್ಮೆ ಹೇಳಿದರು. ಸಂಜೆ ಮನೆಗೆ ಹೋದ ಮೇಲೆ ಅವರಿಗೆ ಏನು ಹೊಳೆಯಿತೋ ಕಾಣೆ. ಆದರೆ ಕಲಬುರಗಿಯ ಧಾನ್ಯಪೇಟೆ ನೆಹರು ಗಂಜಿನ ದಲ್ಲಾಳಿ ಅಂಗಡಿಯಲ್ಲಿ ಬೆಳೆದ ಮನುಷ್ಯ ಅವರು. ನಾಲ್ಕು ಮಂದಿಯ ಮುಂದೆ ಆಡಿದ ಮಾತೇ ಅಲ್ಲಿ ಸೌದಾ, ತಿರುಗಿಸಿದರೆ ಮರುದಿನ ಯಾರೂ ಮಾಲು ಕೊಡುವುದಿಲ್ಲ. ಹೆಂಗಸರೆಲ್ಲ ಈಗ ಪ್ಯಾಕಿಂಗಿನಲ್ಲಿದ್ದಾರೆ. ಬಾಯಿಯವರಿಗೆ ಕೂರಲು ಸ್ಟೂಲು ಸಿಕ್ಕಿದೆ, ಮೊಣಕಾಲಿಗೆ ಅದೇ ದೊಡ್ಡ ಸನ್ಮಾನ.

ಬಸ್ಸಿನ ಹೊತ್ತಾಗುತ್ತಿದೆ. ಮಾಸ್ತರರು ಗಣ್ಯಾತಿಗಣ್ಯರನ್ನೆಲ್ಲ ಹೊಡೆದುಹಾಕಿಕೊಂಡು ಹೋಗಿಯಾಯಿತು. ನೀವೂ ಒಮ್ಮೆ ಮೈಕು ಹಿಡಿಯಬೇಕು ಅನ್ನಿಸುವುದಿಲ್ಲವೇ ಎಂದು ಕೇಳುತ್ತೇನೆ. ಬೇಡವೇ ಬೇಡ, ಹೀಗೇ ಕೂತು ಕೇಳುವಷ್ಟು ಕಣ್ಣು, ಕೈ ನೆಟ್ಟಗಿದ್ದರೆ ಸಾಕು ಎನ್ನುತ್ತಾರೆ. ಅವತ್ತು ಸಾವಕಾರರ ಮೇಜಿನ ಮೇಲೆ ಕೈ ನಿಂತದ್ದು ಮಾತಿಗೋ, ಹಳ್ಳು ಸಿಕ್ಕಿದ್ದಕ್ಕೋ ಎಂದು ಕೊನೆಗೆ ಕೇಳಿಯೇಬಿಡುತ್ತೇನೆ.

ಭೀಮಬಾಯಿ ಮೊರವನ್ನು ಗೋಡೆಗೆ ಒರಗಿಸುತ್ತಾರೆ, ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. ನಗು ತಡೆದುಕೊಂಡಿದ್ದಾರೆ.

"ಸುಳ್ಳ್ಯಾಕ ಹೇಳ್ಲಿ, ಮಷೀನ್ ಭಾಳ ಛಲೋ ಅದರೀ. ಆ ತಾಟಿನ್ಯಾಗ ಒಂದು ಹಳ್ಳೂ ಇದ್ದಿಲ್ಲ."