ಬೀಜದ ಕುದುರೆಮೆಂತ್ಯ

ದೊಡ್ಡಮ್ಮನ ಬಲಗೈ ಹೆಬ್ಬೆರಳ ಉಗುರು ಯಾವಾಗಲೂ ಹಸಿರಾಗಿರುತ್ತಿತ್ತು. ಕಂಡ ಗಿಡವನ್ನೆಲ್ಲ ಚಿವುಟಿ ನೋಡುವ ಅಭ್ಯಾಸ. ಬುಕ್ಕಾಂಬುಧಿ ಕೆರೆಯ ಕೆಳಗೆ ನಮ್ಮ ಹೊಲಕ್ಕೆ ಅಂಟಿಕೊಂಡೇ ಅವರ ಹೊಲ. ಸಂಬಂಧವೇನಿಲ್ಲ, ಆದರೂ ನನಗೆ ಅವರು ದೊಡ್ಡಮ್ಮ. ಅಪ್ಪ ತೀರಿಕೊಂಡ ವರ್ಷ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಬೇಸಾಯ ಕಲಿಸಿದವರು ಅವರೇ.

ಕುದುರೆಮೆಂತ್ಯ ದನದ ಮೇವು. ಸುತ್ತಲಿನವರೆಲ್ಲ ಅದನ್ನು ಹಸಿರಿರುವಾಗಲೇ ಕೊಯ್ದುಕೊಂಡರೆ, ದೊಡ್ಡಮ್ಮ ಹತ್ತು ಗುಂಟೆಯನ್ನು ಬೀಜಕ್ಕೆಂದು ಬಿಡುತ್ತಿದ್ದರು. ನೀರು ಹೆಚ್ಚಾದರೆ ಬರೀ ಸೊಪ್ಪು, ಕಡಿಮೆಯಾದರೆ ಹೂವೇ ಉದುರುತ್ತದೆ. ಆ ನೇರಳೆ ಹೂವಿನ ಮೇಲೆ ಜೇನುಹುಳು ಕೂರದಿದ್ದರೆ ಕಾಯಿ ಕಟ್ಟುವುದಿಲ್ಲ. ಕಾಯಿ ಒಣಗಿದ ಮೇಲೆ ಎರಡು ದಿನ ತಡವಾದರೂ ಬೀಜ ಮಣ್ಣುಪಾಲು. ಅದಕ್ಕೇ ಬೆಳಗಿನ ತಂಪಿನಲ್ಲೇ ಕೊಯ್ದು, ಹಳೇ ಸೀರೆಯ ಮೇಲೆ ಹರಡಿ, ಬಡಿದು, ಕೇರುತ್ತಿದ್ದರು. ಆ ಬೀಜಕ್ಕಾಗಿ ದೇವನೂರಿನಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು.

"ಲೇ ಮಗಾ, ಔಷ್ದಿ ಹೊಡೆಯೋದಾದ್ರೆ ಹೊತ್ತು ಮುಳುಗೋವಾಗ ಹೊಡಿ ಕಣೋ. ಅಷ್ಟೊತ್ತಿಗೆ ಜೇನು ಗೂಡು ಸೇರಿರ್ತವೆ" ಎಂದು ಪ್ರತಿ ವರ್ಷ ನನಗೆ ಹೇಳುತ್ತಿದ್ದರು. ನಾನೂ ಹಾಗೇ ಮಾಡುತ್ತಿದ್ದೆ.

ಐದು ವರ್ಷದ ಹಿಂದೆ ನನ್ನ ಸೂರ್ಯಕಾಂತಿ ಹೂ ಬಿಟ್ಟಾಗ ಹುಳ ಬಿತ್ತು. ಔಷಧಿ ಹೊಡೆಯುವವನು ಸಂಜೆ ಬರುತ್ತೇನೆ ಅಂದವನು ಬೆಳಗ್ಗೆ ಹತ್ತಕ್ಕೇ ಬೆನ್ನಿಗೆ ಪಂಪು ಹಾಕಿಕೊಂಡು ಬಂದ. "ಈಗ ಬೇಡ ಅಂದ್ರೆ ಇನ್ನು ಮುಂದಿನ ವಾರವೇ ಕಣಣ್ಣ" ಎಂದ. ದೊಡ್ಡಮ್ಮ ಅಜ್ಜಂಪುರಕ್ಕೆ ಹೋಗಿದ್ದರು. ಹೊಡಿ ಎಂದುಬಿಟ್ಟೆ.

ಮರುದಿನ ಬದುವಿನ ಉದ್ದಕ್ಕೂ ಜೇನುಹುಳುಗಳು ಸತ್ತು ಬಿದ್ದಿದ್ದವು. ದೊಡ್ಡಮ್ಮ ಒಂದಷ್ಟನ್ನು ಸೆರಗಿನಲ್ಲಿ ಆಯ್ದುಕೊಂಡು ಬಂದು ಕೇಳಿದರು.

"ನೀನೇನಾದ್ರೂ ಬಿಸಿಲಲ್ಲಿ ಹೊಡೆಸ್ದ್ಯೇನೋ?"

"ಇಲ್ಲ ದೊಡ್ಡಮ್ಮ. ಸಂಜೆ ಹೊಡೆಸಿದ್ದು."

"ಹಂಗಾದ್ರೆ ಸರಿ ಬಿಡು."

ನಂಬಿಬಿಟ್ಟರು. ಇನ್ನೊಂದು ಮಾತು ಕೇಳಿದ್ದರೂ ಒಪ್ಪಿಕೊಳ್ಳುತ್ತಿದ್ದೆನೇನೋ.

ಆ ಸಲ ದೊಡ್ಡಮ್ಮನ ಕುದುರೆಮೆಂತ್ಯದ ತುಂಬ ಹೂವಿದ್ದರೂ ಕಾಯಿ ನಿಲ್ಲಲಿಲ್ಲ. ದೊಡ್ಡಮ್ಮ ಒಂದೊಂದೇ ಗಿಡ ಬಗ್ಗಿಸಿ ನೋಡಿದರು. "ನೀರು ಜಾಸ್ತಿ ಬಿಟ್ಟೆ ಕಣೋ. ನನ್ ಅಂದಾಜೇ ತಪ್ತು" ಎಂದರು. ಮುಂದಿನ ವರ್ಷ ಆ ಭಯಕ್ಕೆ ನೀರು ಕಟ್ಟಲೇ ಇಲ್ಲ, ಹೂವೆಲ್ಲ ಒಣಗಿತು. ಆಮೇಲೆ ಬೀಜಕ್ಕೆ ಬಿಡುವುದನ್ನೇ ನಿಲ್ಲಿಸಿದರು. ಕೇಳಿಕೊಂಡು ಬಂದವರಿಗೆ, "ನನ್ ಕೈಲಿ ಇನ್ನಾಗಲ್ಲ ಕಣ್ರಪ್ಪಾ, ಅಂಗಡೀಲಿ ತಗೊಳ್ಳಿ" ಎನ್ನುತ್ತಿದ್ದರು. ಒಂದು ಸಲ ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಹೋದ ವರ್ಷ ದೊಡ್ಡಮ್ಮ ತೀರಿಕೊಂಡರು. ಹಾಲುತುಪ್ಪದ ಶಾಸ್ತ್ರ ಮುಗಿದ ಮೇಲೆ ಅವರ ಸೊಸೆಯನ್ನು ಹಿತ್ತಿಲಿಗೆ ಕರೆದು ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು.

"ಕೊನೇವರ್ಗೂ ನನ್ ಕೈಗುಣ ಕೆಟ್ಟೋಯ್ತು ಅಂತ್ಲೇ ಕೊರಗ್ತಿದ್ರು ಅಣ್ಣ. ನನ್ ಹತ್ರ ಈಗ ಹೇಳಿ ಏನು ಬಂತು? ಅವ್ರಿಗೆ ಹೇಳ್ಬೇಕಿತ್ತು" ಎಂದಳು.