ಪದವಿನ ಮೇಲೆ ಬಿಟ್ಟ ಆರು ಲೀಟರ್ ನೀರು

2024ರ ಜನವರಿ 13, ಶನಿವಾರ, ಸಂಜೆ 5 ಗಂಟೆ 40 ನಿಮಿಷ. ನಾನೂ ಅಕ್ಕನೂ ನಮ್ಮ ಗಾಡಿಯನ್ನು ಪೆರ್ಲದ ಹತ್ತಿರ, ಅಲ್ಲಿನವರು ಪದವು ಎನ್ನುವ ಗುಡ್ಡದ ಮೇಲಿನ ಬಯಲೊಂದರ ಅಂಚಿನಲ್ಲಿ ನಿಲ್ಲಿಸಿದ ಹೊತ್ತು ಅದು. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ದಿನಾಂಕ, ಊರು, ಓಡಿದ ಕಿಲೋಮೀಟರ್, ತುಂಬಿಸಿದ ನೀರು, ಹೊರಬಿಟ್ಟ ನೀರು ಎಲ್ಲವನ್ನೂ ಆಯಾ ದಿನವೇ ಪುಸ್ತಕದಲ್ಲಿ ಬರೆದಿಡುವುದು ಹೈಸ್ಕೂಲಿನಿಂದ ನನಗಂಟಿದ ಅಭ್ಯಾಸ.

ಗಾಡಿಯೆಂದರೆ ಹಳೆಯ ಟೆಂಪೋ ಟ್ರಾವೆಲರ್. ತಿಪಟೂರಿನಲ್ಲಿ ಡ್ರೈವಿಂಗ್ ಕಲಿಸುತ್ತಿದ್ದ ಅಕ್ಕ ಸುಮಂಗಲಾ ಅದನ್ನು ಕೊಂಡು, ಸೀಟುಗಳನ್ನು ಕಿತ್ತು, ಎರಡು ಮಂಚ, ಒಂದು ಗ್ಯಾಸ್ ಒಲೆ, ಒಂದು ಸಿಂಕ್ ಕೂರಿಸಿದ್ದಳು. ಸಿಂಕಿನ ನೀರು ಪೈಪಿನ ಮೂಲಕ ನೇರ ಗಾಡಿಯ ಅಡಿಗೆ ಬೀಳುತ್ತಿತ್ತು. ಮುಂದೆ ಆದದ್ದಕ್ಕೆಲ್ಲ ಆ ಪೈಪೇ ಕಾರಣ.

ಅದು ಪ್ರವಾಸದ ಹತ್ತೊಂಬತ್ತನೆಯ ದಿನ. ಗಾಡಿಯಲ್ಲಿ ಬದುಕುವವರಿಗೆ ಓಡಿಸುವುದು ಕಷ್ಟವಲ್ಲ, ನಿಲ್ಲಿಸುವುದು ಕಷ್ಟ. ನನ್ನ ಪುಸ್ತಕದಲ್ಲಿ 'ಎಬ್ಬಿಸಿದರು' ಎಂಬುದೊಂದು ಕಲಂ ಇದೆ. ಆ ದಿನವೇ ಅದರಲ್ಲಿ ಮೂರು ಗೆರೆ ಬಿದ್ದಿದ್ದವು. ಒಂದು ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕರ್ ಬರುತ್ತದೆಂದರು. ಒಂದು ಮದುವೆ ಹಾಲ್‌ನ ಅಂಗಳದಲ್ಲಿ ನಾಳೆ ಮದುವೆ ಇದೆಯೆಂದರು. ಮೂರನೆಯ ಕಡೆ ಕಾರಣವನ್ನೇ ಹೇಳದೆ ಗೇಟು ಹಾಕಿದರು. ಕೊನೆಗೆ ಪದವಿನ ಕೆಳಗಿನ ರಸ್ತೆಯಲ್ಲಿ ಚಹಾ ಕುಡಿಯುತ್ತ ಅಂಗಡಿಯ ಬಾಬಣ್ಣನನ್ನು ಕೇಳಿದೆವು.

"ಮೇಲೆ ಹೋಗಿ ಮಾರಾಯ್ರೆ, ಬೇಕಾದಷ್ಟು ಜಾಗ ಉಂಟು. ಅಲ್ಲಿ ನಿಮ್ಮನ್ನು ಯಾರೂ ಎಂತ ಕೇಳ್ಲಿಕ್ಕಿಲ್ಲ" ಎಂದರು ಅವರು.

ನಿಜವಾಗಿಯೂ ಚಂದದ ಜಾಗ. ಕಣ್ಣು ಹಾಯುವಷ್ಟು ದೂರ ಮುರಕಲ್ಲಿನ ಬಯಲು. ಆ ಕೆಂಪು ಕಲ್ಲು ಬಿಸಿಲುಮಳೆಗೆ ಕಪ್ಪಾಗಿತ್ತು. ಅಂಚಿನ ಕೆಳಗೆ ಇಳಿಜಾರು, ಒಂದೆರಡು ಹೆಂಚಿನ ಮಾಡು. ಅಕ್ಕ ಬಟ್ಟೆ ಒಣಹಾಕಲು ಹಗ್ಗ ಕಟ್ಟಿದಳು. ನಾನು ಮಧ್ಯಾಹ್ನದ ಪಾತ್ರೆ ತೊಳೆದೆ. ಪೈಪಿನಿಂದ ಬಿದ್ದ ನೀರು ಕಲ್ಲಿನ ಒಂದು ಬಿರುಕಿಗೆ ಹರಿದು, ನೋಡನೋಡುತ್ತಲೇ ಮಾಯವಾಯಿತು. ನಮ್ಮೂರ ಕಡೆ ಹೀಗೆ ಚೆಲ್ಲಿದ ನೀರು ಕೆಸರಾಗಿ ಕಾಲಿಗೆ ಅಂಟುತ್ತದೆ. ನನಗೆ ಖುಷಿಯಾಗಿ ಪುಸ್ತಕ ತೆಗೆದು ಬರೆದೆ: 'ಬಿಟ್ಟ ನೀರು 6 ಲೀ. ಎರಡೇ ನಿಮಿಷದಲ್ಲಿ ನೆಲ ಕುಡಿಯಿತು. ಒಳ್ಳೆಯ ಜಾಗ.'

ಇಂಕು ಆರುವ ಮೊದಲೇ ಇಳಿಜಾರಿನಿಂದ ಕೂಗು ಕೇಳಿತು. ತಲೆಗೆ ಬೈರಾಸು ಸುತ್ತಿಕೊಂಡು, ಕೈಯಲ್ಲಿ ಹುಲ್ಲು ಕೊಯ್ಯುವ ಕತ್ತಿ ಹಿಡಿದ ಅರವತ್ತರ ಆಸುಪಾಸಿನ ಒಬ್ಬರು ಏದುಸಿರು ಬಿಡುತ್ತ ಹತ್ತಿ ಬಂದರು.

"ನೀರು ಬಿಟ್ಟದ್ದು ಯಾರು? ನೀರು ಬಿಟ್ಟದ್ದು ಯಾರು ಅಂತ ಕೇಳಿದ್ದು!"

"ನಾನೇ ಅಣ್ಣ" ಎಂದೆ. ಅವರ ಕತ್ತಿಯನ್ನು ನೋಡಿ ಅಕ್ಕ ನನ್ನ ಮುಂದೆ ಬಂದು ನಿಂತಳು.

ಅವರ ಹೆಸರು ಗೋವಿಂದಣ್ಣ ಎಂದು ಆಮೇಲೆ ತಿಳಿಯಿತು. ಅವರ ಕೂಗಿಗೆ ಜನ ಸೇರಿದರು. ಎಣಿಸಿದೆ, ಏಳು ಮಂದಿ. ಅವರ ಹೆಂಡತಿ ದೇವಕಿಯಕ್ಕ ಬಂದರು. ನಮ್ಮನ್ನು ಮೇಲೆ ಕಳಿಸಿದ ತಪ್ಪಿಗೆ ಬಾಬಣ್ಣನೂ ಅಂಗಡಿ ಬಿಟ್ಟು ಬಂದರು. ಒಬ್ಬರು ತಮ್ಮ ಸ್ಕೂಟರನ್ನು ನಮ್ಮ ಗಾಡಿಯ ಮೂತಿಗೆ ಅಡ್ಡ ನಿಲ್ಲಿಸಿದರು.

"ಹೋದ ವರ್ಷ ಇದೇ ರೀತಿ ಒಂದು ಲಾರಿ ಬಂದು ಕಕ್ಕಸು ಗುಂಡಿಯ ನೀರು ಬಿಟ್ಟು ಹೋದದ್ದು. ಒಂದು ತಿಂಗಳು ಆಚೆ ಮನೆಯವರು ಕುಡಿಯುವ ನೀರು ಹೊತ್ತು ತಂದಿದ್ದಾರೆ, ಗೊತ್ತುಂಟಾ ನಿಮಗೆ?" ಎಂದರು ಗೋವಿಂದಣ್ಣ.

"ನಮ್ಮ ಗಾಡೀಲಿ ಟಾಯ್ಲೆಟ್ಟೇ ಇಲ್ಲ ಕಣಣ್ಣ. ಬೇಕಾದ್ರೆ ಒಳಗೆ ಬಂದು ನೋಡಿ" ಎಂದಳು ಅಕ್ಕ. "ಅಲ್ಲ, ಇಲ್ಲಿ ಬಾವಿನೇ ಕಾಣಿಸ್ತಿಲ್ಲ. ಕಲ್ಲಿನ ಮೇಲೆ ಆರು ಲೀಟರ್ ಚೆಲ್ಲಿದ್ರೆ ಯಾರಿಗೇನಾಗತ್ತೆ?"

ಗೋವಿಂದಣ್ಣ ಕತ್ತಿಯನ್ನು ಕೆಳಗಿಟ್ಟು, ಕಾಲಿನಿಂದ ಕಲ್ಲನ್ನು ಎರಡು ಸಲ ತಟ್ಟಿದರು. "ನಿಮ್ಮ ಗಾಡಿ ನಿಂತದ್ದು ನನ್ನ ಸುರಂಗದ ನೆತ್ತಿಯ ಮೇಲೆ."

ಸುರಂಗ ಎಂದರೆ ಏನೆಂದು ಅವರೇ ಹೇಳಿದರು. ನಮ್ಮ ತಿಪಟೂರಿನಲ್ಲಿ ನೀರಿಗಾಗಿ ನೆಟ್ಟಗೆ ಕೆಳಗೆ ಕೊರೆಯುತ್ತಾರೆ. ಇವರು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ತೋಡುತ್ತಾರೆ. ಪದವಿನ ಮೇಲೆ ಬಿದ್ದ ನೀರು ಮುರಕಲ್ಲಿನಲ್ಲಿ ಇಳಿದು, ಒಳಗೆ ಜಿನುಗಿ, ಮನೆಯಂಗಳಕ್ಕೆ ತಾನಾಗಿ ಹರಿದು ಬರುತ್ತದೆ. ಆ ಮನೆಯವರಿಗೂ ದನಗಳಿಗೂ ಇರುವ ನೀರು ಅದೊಂದೇ. ನಾನು ಹೊಗಳಿ ಬರೆದ ಬಿರುಕು ಅವರ ಕುಡಿಯುವ ನೀರಿನ ಬಾಯಿ.

ಅಕ್ಕ ಬಗ್ಗಿ ಗಾಡಿಯ ಅಡಿಯ ಪೈಪನ್ನು ನೋಡಿದಳು.

"ಸೋಪು ಹಾಕಿದ್ದೀಯಾ ಮಗಾ?" ದೇವಕಿಯಕ್ಕ ಕೇಳಿದರು.

"ಇಲ್ಲ. ಸೋಪು ಮುಗಿದು ಮೂರು ದಿನ ಆಯ್ತು."

"ಕೇಳಿದ ಕೂಡ್ಲೇ ಎಲ್ಲರೂ ಹೇಳುವುದು ಇದನ್ನೇ" ಎಂದರು ಸ್ಕೂಟರಿನವರು.

ನಾನು ಒಳಗೆ ಓಡಿ ಪುಸ್ತಕ ತಂದೆ. ಇದ್ದ ಸಾಕ್ಷಿ ಅದೊಂದೇ. ದೇವಕಿಯಕ್ಕ ಸೆರಗಿನ ತುದಿಯಿಂದ ಕನ್ನಡಕ ಒರೆಸಿಕೊಂಡು, ಶಾಲೆಯಲ್ಲಿ ಪಾಠ ಓದುವ ಹಾಗೆ ಗಟ್ಟಿಯಾಗಿ ಓದತೊಡಗಿದರು.

"ಜನವರಿ ಹನ್ನೊಂದು. ಪಾತ್ರೆ ಸೋಪು ಬೆಳಿಗ್ಗೆ ಮುಗಿಯಿತು. ತರಬೇಕು. ಜನವರಿ ಹನ್ನೆರಡು. ಸೋಪು ಮರೆತೆ. ಜನವರಿ ಹದಿಮೂರು. ಸೋಪು ಮತ್ತೆ ಮರೆತೆ, ಅಕ್ಕ ಬೈದಳು. ತೆಂಗಿನ ನಾರು ಮತ್ತು ಬಿಸಿನೀರಿನಲ್ಲಿ ತಿಕ್ಕಿದ್ದು." ಅವರು ತಲೆಯೆತ್ತಿದರು. "ಪಾಪ, ಹುಡುಗಿ ಸತ್ಯವೇ ಹೇಳಿದ್ದು. ಇದನ್ನು ಈಗ ಬರೆದದ್ದಲ್ಲ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಓದುವ ರುಚಿ ಹತ್ತಿತ್ತು.

"ಚಹಾ, ಪದವಿನ ಕೆಳಗಿನ ಅಂಗಡಿ. ಹತ್ತರಲ್ಲಿ ನಾಲ್ಕು. ಸಕ್ಕರೆಯ ನಡುವೆ ಚಹಾ ಹುಡುಕಬೇಕು."

ಎಲ್ಲರ ಮುಖವೂ ಬಾಬಣ್ಣನ ಕಡೆ ತಿರುಗಿತು.

"ನಾಲ್ಕಾ?" ಎಂದರು ಬಾಬಣ್ಣ. "ಇಪ್ಪತ್ತೆರಡು ವರ್ಷದಿಂದ ಚಹಾ ಮಾಡುವವ ನಾನು. ನಾಲ್ಕಾ? ಸೀತಾಂಗೋಳಿಯಲ್ಲಿ ಕುಡಿದಿದ್ದೀರಾ? ಅದಕ್ಕೆ ಎಷ್ಟು?"

ಸುಳ್ಳು ಹೇಳುವಂತಿರಲಿಲ್ಲ, ಪುಸ್ತಕ ದೇವಕಿಯಕ್ಕನ ಕೈಯಲ್ಲಿತ್ತು. "ಏಳು" ಎಂದೆ.

"ಏಳು!" ಬಾಬಣ್ಣ ಹಣೆ ಹಿಡಿದುಕೊಂಡರು. "ಗೋವಿಂದಣ್ಣ, ಇವರನ್ನು ಬಿಡಬೇಡಿ!"

ಏಳು ಮಂದಿಯೂ ನಕ್ಕರು. ಸ್ಕೂಟರಿನವರು ನಗುತ್ತಲೇ, "ನಾವು ಇಷ್ಟು ವರ್ಷ ಹೇಳ್ಲಿಕ್ಕೆ ಹೆದರಿದ್ದನ್ನು ಹುಡುಗಿ ಬರೆದೇ ಬಿಟ್ಟಳಲ್ಲ ಮಾರಾಯಾ" ಎಂದರು. ಗೋವಿಂದಣ್ಣನ ಮುಖ ಮಾತ್ರ ಪೂರ್ತಿ ಸಡಿಲವಾಗಲಿಲ್ಲ.

"ಬರೆದದ್ದು ಸರಿ. ಆದರೆ ನೀರು ಓದ್ಲಿಕ್ಕಿಲ್ಲವಲ್ಲ. ಎಣ್ಣೆ ಜಿಡ್ಡು ಇಳಿದಿದ್ದರೆ ಬೆಳಿಗ್ಗೆ ಗೊತ್ತಾಗ್ತದೆ. ಗಾಡಿ ನನ್ನ ಅಂಗಳಕ್ಕೆ ತನ್ನಿ. ನೀರು ನೋಡದೆ ಹೋಗ್ಲಿಕ್ಕಿಲ್ಲ."

ಹೀಗೆ ಹತ್ತೊಂಬತ್ತು ದಿನಗಳಲ್ಲಿ ಮೊದಲ ಬಾರಿ ನಮಗೆ ಒಬ್ಬರು 'ಹೋಗಬೇಡಿ' ಎಂದರು. ಅಕ್ಕ ಹಿಮ್ಮುಖವಾಗಿ ಆ ಇಕ್ಕಟ್ಟಿನ ಇಳಿಜಾರಿನಲ್ಲಿ ಗಾಡಿ ಇಳಿಸಿದ ಚಂದ ನೋಡಿ ಸ್ಕೂಟರಿನವರು ಚಪ್ಪಾಳೆ ತಟ್ಟಿದರು. ದೇವಕಿಯಕ್ಕ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ ಕೊಟ್ಟರು. ಊಟ ರುಚಿಯಾಗಿತ್ತು. ಆದರೆ ಗಂಜಿ ಬೇಯಿಸಲು ಅವರು ತೆಗೆದ ನೀರು ಮೊದಲೇ ತುಂಬಿಸಿಟ್ಟ ಕೊಡದ್ದು, ಸುರಂಗದ್ದಲ್ಲ ಎಂಬುದು ನನ್ನ ಕಣ್ಣಿಗೆ ಬಿದ್ದಿತ್ತು.

ಬೆಳಿಗ್ಗೆ 6 ಗಂಟೆ 35ಕ್ಕೆ ಗೋವಿಂದಣ್ಣ ಟಾರ್ಚು ಹಿಡಿದು ನಮ್ಮಿಬ್ಬರನ್ನೂ ಕರೆದರು. ಅಂಗಳದ ಬದಿಯ ಗುಡ್ಡದಲ್ಲಿ ಒಬ್ಬರು ಮಾತ್ರ ಹೋಗಬಹುದಾದ ಬಾಗಿಲಿನಂಥ ತೂತು. ತಲೆ ತಗ್ಗಿಸಿ ಒಳಹೊಕ್ಕೆವು, ಕಾಲ್ಗಂಟಿನವರೆಗೆ ತಣ್ಣನೆಯ ನೀರು. ನಾಲ್ವತ್ತೊಂದು ಹೆಜ್ಜೆ ಎಣಿಸಿದ ಮೇಲೆ ಸುರಂಗ ಮುಗಿಯಿತು. ಅಲ್ಲಿ ಕಲ್ಲಿನ ಗೋಡೆ ಬೆವರಿದಂತೆ ಜಿನುಗುತ್ತಿತ್ತು. ಗೋವಿಂದಣ್ಣ ಅಲ್ಲೇ ಬೊಗಸೆ ಹಿಡಿದರು. ಮೂಸಿದರು. ಟಾರ್ಚಿನ ಬೆಳಕಿನಲ್ಲಿ ಓರೆ ಮಾಡಿ ನೋಡಿದರು. ಆಮೇಲೆ ಕುಡಿದರು. ಇನ್ನೊಮ್ಮೆ ಕುಡಿದರು.

"ನೀನೂ ಕುಡಿ. ನೀನು ಬಿಟ್ಟದ್ದಲ್ವಾ?"

ಕುಡಿದೆ. ಎಳನೀರಿಗೂ ಅಷ್ಟು ತಂಪು ಇರುವುದಿಲ್ಲ.

"ಎಷ್ಟು ಮಾರ್ಕು?" ಎಂದು ಕೇಳಿದರು. ಆಗಲೇ ಅವರ ಮುಖದಲ್ಲಿ ನಗು ಕಂಡದ್ದು.

"ಹತ್ತಕ್ಕೆ ಹತ್ತು" ಎಂದೆ. ನನ್ನ ಪುಸ್ತಕದಲ್ಲಿ ಅಷ್ಟು ಅಂಕ ಅದುವರೆಗೆ ಯಾರಿಗೂ ಸಿಕ್ಕಿರಲಿಲ್ಲ.

ಹಿಂದಿರುಗುವಾಗ ಬಲಗಡೆಯ ಗೋಡೆಯ ಮೇಲೆ ಟಾರ್ಚಿನ ಬೆಳಕು ಬಿತ್ತು. ಎದೆಯ ಎತ್ತರದಲ್ಲಿ ಸಾಲಾಗಿ ಗೆರೆಗಳು! ಪಿಕ್ಕಾಸಿನ ಮೊನೆಯಿಂದ ಬೇಕೆಂದೇ ಕೊರೆದವು. ನಾನು ಅಲ್ಲೇ ನಿಂತು ಎಣಿಸಿದೆ: ತೊಂಬತ್ಮೂರು. ಅದರಲ್ಲಿ ಐದು ಗೆರೆಗಳು ಮಾತ್ರ ಉಳಿದವುಗಳಿಗಿಂತ ಉದ್ದ.

"ನನ್ನ ಅಜ್ಜನ ಕಾಲದಲ್ಲಿ ಯಾರೋ ಹೊರಗಿನಿಂದ ಬಂದವರು ತೋಡಿ ಕೊಟ್ಟದ್ದಂತೆ. ಹೆಸರು ಗೊತ್ತಿಲ್ಲ" ಎಂದರು ಗೋವಿಂದಣ್ಣ. "ಗೆರೆ ಎಂತಕ್ಕೆ ಅಂತ ಅಪ್ಪನಿಗೂ ಗೊತ್ತಿರ್ಲಿಲ್ಲ. ಉದ್ದದ ಅಳತೆಯಾ ಅಂತ ನೋಡಿದ್ರೆ, ಸುರಂಗ ಇರುವುದು ಮೂವತ್ತೆರಡು ಕೋಲು. ಲೆಕ್ಕ ಸೇರುವುದೇ ಇಲ್ಲ."

ಕತ್ತಲಲ್ಲಿ ಒಬ್ಬನೇ ಕೂತು ಅಗೆಯುತ್ತಿದ್ದವನು ಏನನ್ನೋ ಎಣಿಸಿಡುತ್ತಿದ್ದ. ನನ್ನಂಥ ಇನ್ನೊಬ್ಬ! ಗೋವಿಂದಣ್ಣನ ಟಾರ್ಚನ್ನು ಅಕ್ಕನ ಕೈಗೆ ಕೊಟ್ಟು, ಗೆರೆಗಳನ್ನು ಇದ್ದ ಹಾಗೆಯೇ ಪುಸ್ತಕಕ್ಕೆ ಇಳಿಸಿಕೊಂಡೆ.

ಹೊರಡುವಾಗ ಬಾಬಣ್ಣ ರಸ್ತೆಗೇ ಬಂದು ಗಾಡಿ ನಿಲ್ಲಿಸಿದರು. ಎರಡು ಲೋಟ ಚಹಾ ಕೊಟ್ಟು, ನಾನು ಬರೆಯುವ ತನಕ ಕದಲಲಿಲ್ಲ. ಎಂಟು ಕೊಟ್ಟೆ. ಅವರು ಪುಸ್ತಕ ಇಸಿದುಕೊಂಡು, ಎಂಟು ಹೌದೋ ಅಲ್ಲವೋ ಎಂದು ಕಣ್ಣಾರೆ ನೋಡಿ ವಾಪಸು ಕೊಟ್ಟರು.

ಸಿಂಕಿನ ಪೈಪಿನ ಕೆಳಗೆ ಈಗ ಮುಚ್ಚಳವಿರುವ ಕ್ಯಾನು ಇದೆ. ಪುಸ್ತಕದಲ್ಲಿ 'ಬಿಟ್ಟ ನೀರು' ಎಂಬ ಕಲಮಿನ ಪಕ್ಕದಲ್ಲಿ ಹೊಸದೊಂದು ಕಲಂ ಬಂದಿದೆ: 'ಕೆಳಗೆ ಯಾರಿದ್ದಾರೆ?' ಆ ಕಲಂ ತುಂಬದೆ ಕ್ಯಾನಿನ ಮುಚ್ಚಳ ತೆಗೆಯುವುದಿಲ್ಲ. ಎಲ್ಲಿ ನಿಂತರೂ ಕಾಲ ಕೆಳಗೆ ಯಾರದೋ ಮನೆಯ ನೀರು ಹರಿಯುತ್ತಿರಬಹುದು ಎಂಬ ಎಚ್ಚರ ನನಗೆ ಅಂದಿನಿಂದ ಹೋಗಿಲ್ಲ.

ಇನ್ನು ಆ ಗೆರೆಗಳು. ಸುರಂಗದ ಬಾಯಿಯ ಕಡೆಯಿಂದ ಎಣಿಸಿದರೆ 6, 15, 19, 48 ಮತ್ತು 93ನೆಯ ಗೆರೆ ಉದ್ದ. ಅವು ದಿನಗಳೋ, ಹೊತ್ತು ಹಾಕಿದ ಮಣ್ಣೋ, ನೀರು ಜಿನುಗಿದ ಜಾಗದ ಗುರುತೋ ನನಗೆ ತಿಳಿಯದು. ಸುರಂಗ ತೋಡುವ ಕೆಲಸ ಬಲ್ಲವರು, ಅಂಥವರ ಮನೆಯ ಹಿರಿಯರಿಂದ ಕೇಳಿ ತಿಳಿದವರು ಓದುಗರಲ್ಲಿ ಇದ್ದರೆ ದಯವಿಟ್ಟು ಪತ್ರಿಕೆಗೆ ಬರೆದು ತಿಳಿಸಿ. ಗೋವಿಂದಣ್ಣನೂ ಕಾಯುತ್ತಿದ್ದಾರೆ.