ಕಿವಿ ಇರುವ ಹಿಯರ್

ನಮ್ಮ ಇಂಗ್ಲಿಷ್ ಮಾಸ್ತರರ ಕಿವಿಯಿಂದ ಮೆಕ್ಕೆಜೋಳದ ತೆನೆಗಿರುವಂಥ ಬಿಳಿ ಎಳೆಗಳು ಹೊರಗೆ ಚಾಚಿರುತ್ತಿದ್ದವು. ನನ್ನ ಹೋಟೆಲ್ಲಿನ ಬೋರ್ಡು ಓದಿದ ದಿನ ಅವರು ಆ ಕಿವಿಯನ್ನೇ ಹಿಡಿದೆಳೆದು ತೋರಿಸಿದರು. ಇಲ್ಲಿ ಊಟ ಸಿಗುತ್ತದೆ ಎಂದು ನಾನೇ ಬ್ರಷ್ ಹಿಡಿದು, 'ಮೀಲ್ಸ್ ಹಿಯರ್' ಅಂತ ಇಂಗ್ಲಿಷಿನಲ್ಲಿ ಬರೆದಿದ್ದೆ.

"ಇಯರ್ ಅಂದ್ರ ಕಿವಿ. ಕೇಳೋ ಹಿಯರ್‌ನ್ಯಾಗ ಅದು ಕುಂತಿರತೈತಿ. ಇಲ್ಲಿ ಅನ್ನೋ ಹಿಯರ್‌ಗೆ ಕಿವಿ ಇಲ್ಲ. ನಿನ್ನ ಅನ್ನಸಾರು ಕಿವ್ಯಾಗ ಸುರುವಿಕೋಬೇಕೇನಲೇ?"

ಕಂಪ್ಲಿಯ ಶಾಲೆಯಲ್ಲಿ ನನಗೂ ಕಲಿಸಿದ್ದ ಅವರು ನಿವೃತ್ತರಾದ ಮೇಲೆ ಕಡ್ಡಿರಾಂಪುರಕ್ಕೆ ಬಂದು, ನನ್ನ ಹೋಟೆಲ್ಲಿನ ಹಿಂದಿನ ಕೋಣೆಯಲ್ಲಿ ಒಬ್ಬರೇ ಇದ್ದರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹಂಪಿಗೆ ಬರುವ ಪರದೇಶದವರಿಗೆ ರೊಟ್ಟಿ ಬಡಿದು ಹಾಕಿ ಸ್ವಂತ ಸೂರು ಮಾಡಿಕೊಂಡವನು, ಯಾರ ಮುಂದೂ ತಲೆ ತಗ್ಗಿಸಿದವನಲ್ಲ. ಅವರೊಬ್ಬರು ಬೈದರೆ ಬೈಸಿಕೊಳ್ಳುತ್ತಿದ್ದೆ. ಬೋರ್ಡೂ ತಿದ್ದಿದೆ.

ಒಂದು ಮಾತ್ರ ತಿದ್ದಿಕೊಳ್ಳಲಾಗಲಿಲ್ಲ. ಗಿರಾಕಿಗಳಿಗೆ ಮಾಸ್ತರರನ್ನು ತೋರಿಸಿ 'ದೇ ಆರ್ ಮೈ ಟೀಚರ್' ಅನ್ನುತ್ತಿದ್ದೆ. ಉಳಿದ ಟೀಚರುಗಳೆಲ್ಲಿ ಎಂದು ಅವರು ಅತ್ತಿತ್ತ ನೋಡುವರು. ಮಾಸ್ತರರು ತೋರುಬೆರಳೆತ್ತುವರು. ಒಬ್ಬ ಗಂಡಸಿಗೆ 'ಹೀ', ಅವನು ರಾಜನಾದರೂ ಅಷ್ಟೆ ಎನ್ನುವುದು ಅವರ ಪಾಠ. ಹಾಗೆಂದರೆ ನಿಮ್ಮನ್ನು 'ಅವನು' ಅಂದಂತಾಗುತ್ತದಲ್ಲ ಎಂದೆ.

"ಆಗ್ಲಿ ಬಿಡು. ಇಂಗ್ಲಿಷ್‌ನ್ಯಾಗ ನಾ ಒಬ್ಬನ ಅದೀನಿ."

ಈ ಬೇಸಿಗೆಯ ಒಂದು ಮುಂಜಾನೆ, ಕೈಯಲ್ಲಿ ಚಹಾದ ಲೋಟ ಇದ್ದಂತೆಯೇ ಮಾಸ್ತರರು ಬಲಕ್ಕೆ ಕುಸಿದರು. ಬಾಯಿ ಸೊಟ್ಟಗಾಗಿ ಮಾತು ನಿಂತುಹೋಯಿತು. ಆಟೋದಲ್ಲಿ ಹೊಸಪೇಟೆಯ ಆಸ್ಪತ್ರೆಗೆ ಒಯ್ದು ಸ್ಟ್ರೆಚರಿಗೆ ಇಳಿಸಿದೆ. ಬಾಗಿಲಲ್ಲಿ ಸಿಕ್ಕ ಡಾಕ್ಟರಮ್ಮ ಹೊರರಾಜ್ಯದವರು, ಕನ್ನಡ ಬಾರದು. 'ದೇ ಫಾಲ್, ದೇ ನೋ ಟಾಕ್' ಎಂದೆ. ಅಪಘಾತವೆಂದುಕೊಂಡ ಅವರು, ಎಷ್ಟು ಜನ ಎಂದು ಕೇಳಿ, ಉಳಿದವರನ್ನು ನೋಡಲು ಆಟೋ ಕಡೆ ಓಡಿದರು. ಬೆನ್ನುಹತ್ತಿದ ನನ್ನ ಬಾಯಿಂದ ಮತ್ತೆ ಬಂದದ್ದೂ 'ದೇ'. ಹೊತ್ತು ಜಾರುತ್ತಿತ್ತು. ತಿರುಗಿ ನೋಡಿದೆ. ಸ್ಟ್ರೆಚರಿನ ಮೇಲೆ ಮಾಸ್ತರರ ಎಡಗೈಯ ತೋರುಬೆರಳು ಎದ್ದಿತ್ತು.

"ಹೀ," ಎಂದೆ. "ಓನ್ಲಿ ಹೀ, ಮೇಡಂ."

ಒಳಗೆ ಒಯ್ದರು. ಮಧ್ಯಾಹ್ನ ಡಾಕ್ಟರಮ್ಮ ಹೊರಗೆ ಬಂದು ಆಸೆಯಿಲ್ಲವೆಂಬಂತೆ ತಲೆಯಾಡಿಸಿದರು. ನಿಧಾನವಾಗಿ, ನನಗೆ ತಿಳಿಯುವಂತೆ ಹೇಳಿದರು: "ಟಾಕ್ ಟು ಹಿಮ್. ಹೀ ಕ್ಯಾನ್ ಹಿಯರ್."

ಅದು ಕಿವಿ ಇರುವ ಹಿಯರ್ ಎಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಒಳಗೆ ಹೋಗಿ ಆ ಬಿಳಿ ಎಳೆಗಳ ಹತ್ತಿರ ಬಾಯಿ ಒಯ್ದೆ. 'ಐ ಆಮ್ ಹಿಯರ್, ಸರ್' ಎಂದೆ. ಕಿವಿ ಇಲ್ಲದ್ದು. ಅದರಲ್ಲಿ ತಪ್ಪಿರಲಿಲ್ಲ, ಅದಕ್ಕೇ ಸುಮ್ಮನಿದ್ದಾರೆ ಅನ್ನಿಸಿತು.

ಬೇಕೆಂದೇ ಮತ್ತೆ ಹೇಳಿದೆ: "ದೇ ಆರ್ ಮೈ ಟೀಚರ್."

ಬೆರಳನ್ನೇ ನೋಡುತ್ತ ಕೂತೆ. ಅದು ಏಳಲಿಲ್ಲ.